ಒಳಗಡೆ ತಿನ್ನುವ ಕಾರು

ಗುಬ್ಬಿ ಬಸ್ ಸ್ಟ್ಯಾಂಡಿನ ಪಕ್ಕದ ಕಾರ್ ಸ್ಟ್ಯಾಂಡಿನಲ್ಲಿ ರಾಮಾಂಜಿನಯ್ಯ ಕೂತಿದ್ದನ್ನು ಕಂಡವರು ಕಡಿಮೆ. ಮಿಕ್ಕ ಡ್ರೈವರುಗಳು ಬೇವಿನ ಮರದ ನೆರಳಿನಲ್ಲಿ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ, ಬಾಡಿಗೆ ಬಂದರೆ ಬಂತು, ಬಾರದಿದ್ದರೆ ಕಾಫಿಯಾದರೂ ಬಂದೀತು ಎಂದು ಹಾಯಾಗಿರುತ್ತಿದ್ದರು. ಈತ ಮಾತ್ರ ತನ್ನ ಬಿಳಿ ಅಂಬಾಸಿಡರಿನ ಸುತ್ತ ಸುತ್ತುತ್ತಲೇ ಇರುತ್ತಿದ್ದ. ಒಂದು ಸುತ್ತಿಗೆ ಬಾನೆಟ್ ಎತ್ತುವುದು, ಇನ್ನೊಂದು ಸುತ್ತಿಗೆ ಇಳಿಸುವುದು. ನಡುವೆ ಮುಂದಿನ ಎಡಗಡೆ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಟೈರಿನ ಒಳಮೈಗೆ ಕೈ ತೂರಿಸಿ, ಹಸುವಿನ ಗಬ್ಬ ನೋಡುವ ಡಾಕ್ಟರ ಹಾಗೆ ಕಣ್ಣು ಮುಚ್ಚಿ ಸವರುವುದು. ಸವರಿ ಎದ್ದಾಗ ಮುಖ ಸಪ್ಪಗಿದ್ದರೆ ಅವತ್ತು ಅವನನ್ನು ಕೆಣಕದಿರುವುದೇ ಕ್ಷೇಮ ಎಂಬುದು ಸ್ಟ್ಯಾಂಡಿಗೆಲ್ಲ ಗೊತ್ತಿತ್ತು.

ಗೊತ್ತಿದ್ದೂ ಕೆಣಕುವವನು ಚಿಕ್ಕಬೋರಯ್ಯ ಒಬ್ಬನೇ. ಅವನದೂ ಅಂಥದೇ ಒಂದು ಹಳೇ ಅಂಬಾಸಿಡರ್. ವಯಸ್ಸಿನಲ್ಲಿ ದೊಡ್ಡವನು, ಸ್ನೇಹಿತ, ಬಾಯಿ ಸುಮ್ಮನಿರದವನು.

"ಏನ್ಲಾ ರಾಮಾಂಜಿ, ಏನಂತದೆ ನಿನ್ ಗಾಡಿ?"

"ತಿಂತಾ ಅದೆ ಕಣಣ್ಣ."

"ಯಾವ ಕಡೆ?"

"ಒಳಗಡೆ."

ಡ್ರೈವರುಗಳ ಬಾಯಲ್ಲಿ ಕಾರು ಟೈರನ್ನು ಸವೆಸುವುದಿಲ್ಲ, ತಿನ್ನುತ್ತದೆ. ಟೈರು ಅಗಲಕ್ಕೂ ಒಂದೇ ಸಮನಾಗಿ ಸವೆದರೆ ಅದು ವಯಸ್ಸು, ಯಾರಿಗೂ ತಪ್ಪಿದ್ದಲ್ಲ. ಒಂದೇ ಕಡೆ ಸವೆದರೆ ಅದು ರೋಗ. ಆ ರೋಗ ಹೇಳುವುದರಲ್ಲಿ ರಾಮಾಂಜಿನಯ್ಯ ಸ್ಟ್ಯಾಂಡಿಗೇ ವೈದ್ಯನಾಗಿದ್ದ. ಟೈರಿನ ನಡುಬೆನ್ನು ಸವೆದಿದ್ದರೆ "ಗಾಳಿ ಜಾಸ್ತಿ ತುಂಬುಸ್ತಿದೀಯ, ಇಳಿಸು" ಎನ್ನುತ್ತಿದ್ದ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ "ಗಾಳಿ ಸಾಲದು, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ್ಲೇ ನೋಡಿಸು, ಬಿಸಿಯಾದ್ಮೇಲೆ ನೋಡಿದ್ರೆ ಸುಳ್ಳು ಹೇಳ್ತದೆ" ಎನ್ನುತ್ತಿದ್ದ. ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದರ್ಥ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಎಳೆದಾಗ ಒಂದು ಕಡೆಗೆ ನುಣ್ಣಗೂ ಇನ್ನೊಂದು ಕಡೆಗೆ ಗರಗಸವೂ ಆಗಿ ಸಿಕ್ಕಿದರೆ ಚಕ್ರಗಳು ಒಂದನ್ನೊಂದು ನೋಡುವ ರೀತಿಯೇ ಸರಿಯಿಲ್ಲ, ಅಲೈನ್‌ಮೆಂಟ್ ಮಾಡಿಸಬೇಕು. ಹೀಗೆ ಊರವರ ಕಾರಿಗೆಲ್ಲ ಮದ್ದು ಹೇಳಿದವನ ಸ್ವಂತ ಕಾರೇ ವಾಸಿಯಾಗದೆ ಕೂತಿತ್ತು. ವೈದ್ಯನ ಮನೆಯಲ್ಲೇ ಕೆಮ್ಮು ಎಂದು ಸ್ಟ್ಯಾಂಡು ನಕ್ಕಿತು. ನಗಲಿ, ಅದಕ್ಕೇನು. ರಾಮಾಂಜಿನಯ್ಯನ ಸಂಕಟ ನಗೆಯದಲ್ಲ. ಅವನ ಹೆಂಡತಿ ಆ ಕಾರು ಹತ್ತುವುದನ್ನು ಬಿಟ್ಟಿದ್ದಳು.

ಈ ಮನುಷ್ಯ ಹುಟ್ಟಾ ಹೀಗೇ. ಕುಂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಗುಬ್ಬಿಯ ಹತ್ತಿರದ ಅವನ ಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರು, "ನೀನು ಕೂತು ಓದೋದು ಅಷ್ಟರಲ್ಲೇ ಇದೆ, ಹೋಗಿ ಒಂದು ಕೊಡ ನೀರಾದರೂ ತಾ" ಎಂದು ಹೊರಗೆ ಕಳಿಸುತ್ತಿದ್ದರಂತೆ. ಓದು ಬಿಟ್ಟು ಕೊಬ್ಬರಿ ಲಾರಿಗೆ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ, ಕೊನೆಗೆ ತುಮಕೂರಿನ ಅಡಿಕೆ ವ್ಯಾಪಾರಿಯೊಬ್ಬರ ಮನೆಯ ಕಾರು ಓಡಿಸಿದ. ತೊಂಬತ್ತಮೂರರಲ್ಲಿ ಅವರು ಹೊಸ ಕಾರು ತಂದಾಗ ಹಳೇ ಅಂಬಾಸಿಡರನ್ನು ಇವನಿಗೇ ಮಾರಿದರು. "ಇದರ ಕೆಮ್ಮು, ಸೀನು ಎಲ್ಲಾ ನಿನಗೇ ಗೊತ್ತು, ಬೇರೆಯವರ ಕೈಲಿ ಇದು ಬಾಳಲ್ಲ" ಅಂದರು. ಆ ಮಾತನ್ನು ರಾಮಾಂಜಿನಯ್ಯ ಸರ್ಟಿಫಿಕೇಟಿನ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಕಾರು ಮನೆಗೆ ಬಂದ ದಿನ ಹೆಂಡತಿ ಕದರಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಮುಂದಿನ ಸೀಟಿನಲ್ಲಿ ಕೂತು ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಅವಳ ತವರು. ಮಾತು ಕಮ್ಮಿ. ಆಡಿದರೆ ಒಂದೇ ಮಾತು, ಅದನ್ನು ತಿರುಗಿಸುವುದು ಯಾರ ಕೈಲೂ ಆಗುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಅತ್ತದ್ದೂ ಇಲ್ಲ, ಆಡಿಕೊಂಡದ್ದೂ ಇಲ್ಲ. ಆದರೆ ಬೆಳಗಾಗೆದ್ದು ಮನೆ ಮುಂದೆ ನೀರು ಹಾಕಿ, ಗುಡಿಸಿ, ರಂಗೋಲಿ ಬಿಡಲು ಕೂತಳೆಂದರೆ ಬೀದಿಯ ಹೆಂಗಸರು ಸೊಂಟದ ಮೇಲೆ ಕೊಡ ಇಟ್ಟುಕೊಂಡೇ ನಿಂತು ನೋಡುತ್ತಿದ್ದರು. ಅಷ್ಟು ಚುಕ್ಕಿ ಇಟ್ಟರೂ ಒಂದೂ ತಪ್ಪುತ್ತಿರಲಿಲ್ಲ. ದಿನಕ್ಕೊಂದು ಹೊಸದು.

ಅವರ ಬೀದಿ ಕಿರಿದು. ಮನೆ ಪಕ್ಕದ ಖಾಲಿ ಜಾಗವೇ ಕಾರಿನ ಮನೆ. ಅಲ್ಲಿಂದ ಹೊರಬರಬೇಕಾದರೆ ತಮ್ಮದೇ ಬಾಗಿಲ ಮುಂದೆ ಹಾದು ಬರಬೇಕು. ಬಲಕ್ಕೆ ಮನೆ, ಎಡಕ್ಕೆ ಚರಂಡಿ, ಚರಂಡಿಯ ಮೇಲೆ ನೆಲಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ಹಾಸಿದ ಚಪ್ಪಡಿ. ಕಾರು ಬಂದ ಮಾರನೇ ಬೆಳಿಗ್ಗೆ ರಾಮಾಂಜಿನಯ್ಯ ಮೊದಲ ಬಾಡಿಗೆಯ ಗಡಿಬಿಡಿಯಲ್ಲಿ ಸೀದಾ ರಂಗೋಲಿಯ ಮೇಲೇ ಹರಿಸಿಕೊಂಡು ಹೋದ. ಕನ್ನಡಿಯಲ್ಲಿ ನೋಡಿದರೆ ಕದರಮ್ಮ ಬಾಗಿಲಲ್ಲಿ ನಿಂತಿದ್ದಳು. ಸಂಜೆ ಬಂದಾಗ ಏನಾದರೂ ಅಂದಾಳೆಂದು ಕಾದ, ಅನ್ನಲಿಲ್ಲ. ಅನ್ನದಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ಅವತ್ತಿನಿಂದ ಅವನ ಕಾರು ಆ ರಂಗೋಲಿಯನ್ನು ತುಳಿದದ್ದಿಲ್ಲ. ಒಂದು ಪಕ್ಕಕ್ಕೆ ಸರಿಸಿ, ಸ್ವಲ್ಪ ಹುಷಾರಾಗಿ ಬಂದರೆ ಆಯಿತು. ಅಷ್ಟೇ ತಾನೇ?

ಕದರಮ್ಮ ಕಾರು ಹತ್ತುವುದನ್ನು ಬಿಡಲು ಕಾರಣವಾದ ಟೈರು ಸಿಡಿದದ್ದು ತೊಂಬತ್ತೊಂಬತ್ತರ ಬೇಸಿಗೆಯಲ್ಲಿ. ಗಂಡ ಹೆಂಡತಿ ಕೊತ್ತಗೆರೆಗೆ ಹೋಗಿ, ಅಲ್ಲಿಂದ ಕುಣಿಗಲ್ಲಿನ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಸಂಜೆ ಕೆರೆ ಏರಿಯ ಮೇಲೆ ಬರುತ್ತಿದ್ದರು. ಕೆರೆಯಲ್ಲಿ ನೀರಿತ್ತು. ಕದರಮ್ಮ ಮುಂದಿನ ಸೀಟಿನಲ್ಲಿ ಕೂತು, ಕೊಟ್ಟ ತಾಂಬೂಲದ ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು ನೀರನ್ನೇ ನೋಡುತ್ತಿದ್ದಳು. ಢಂ ಎಂದಿತು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಡಕ್ಕೆ ಎಳೆಯಿತು. ರಾಮಾಂಜಿನಯ್ಯ ಬ್ರೇಕ್ ತುಳಿಯದೆ, ಇದ್ದಬದ್ದ ಬಲವನ್ನೆಲ್ಲ ಬಲಕ್ಕೆ ಹಾಕಿ ಹಿಡಿದ. ಕಾರು ಏರಿಯ ಅಂಚಿನ ಮಣ್ಣು ಕೆರೆದುಕೊಂಡು ಹೋಗಿ ನಿಂತಿತು. ಮಡಿಲ ತೆಂಗಿನಕಾಯಿ ಆ ಹೊಡೆತಕ್ಕೆ ತೆರೆದುಕೊಂಡ ಬಾಗಿಲ ಸಂದಿಯಿಂದ ಜಾರಿ, ಇಳಿಜಾರಿನಲ್ಲಿ ಉರುಳಿ ನೀರಿಗೆ ಬಿತ್ತು. ಕದರಮ್ಮ ಅದು ಬೀಳುವುದನ್ನೇ ನೋಡಿದಳು.

ಸ್ಟೆಪ್ನಿ ಹಾಕುವಾಗ ರಾಮಾಂಜಿನಯ್ಯ ಸಿಡಿದ ಟೈರನ್ನು ತಿರುವಿ ಹಾಕಿ ಬೆಚ್ಚಿದ. ಹೊರಗಿನಿಂದ ನೋಡಿದರೆ ಇನ್ನೂ ಎಷ್ಟೋ ದಿನ ಬಾಳುವ ಟೈರು. ಒಳಗಿನ ಅಂಚಿನಲ್ಲಿ ಮಾತ್ರ ರಬ್ಬರೇ ಇರಲಿಲ್ಲ, ನೂಲು ನೂಲು ಎದ್ದು ಕೂತಿತ್ತು. ಕಾರು ಕಣ್ಣಿಗೆ ಕಾಣದ ಕಡೆಯಿಂದ ತಿಂದುಹಾಕಿತ್ತು. ಕದರಮ್ಮನೂ ಬಗ್ಗಿ ನೋಡಿದಳು.

"ಇದು ನಿಮಗೆ ಗೊತ್ತಿರ್ಲಿಲ್ವಾ?"

"ಇಲ್ಲ ಕಣೇ."

"ಊರವರ ಟೈರೆಲ್ಲ ನೋಡ್ತೀರಿ."

ಅಷ್ಟೇ ಅಂದಳು. ಆ ಸಂಜೆ ಅವಳು ಅದೇ ಕಾರಿನಲ್ಲಿ ಮನೆಗೆ ಬಂದಳು, ಬೇರೆ ದಾರಿ ಇರಲಿಲ್ಲ. ಇಳಿದು ಬಾಗಿಲು ಹಾಕಿ, "ಇನ್ ನಾನು ಇದನ್ನ ಹತ್ತಲ್ಲ" ಅಂದಳು. ಹತ್ತಲೂ ಇಲ್ಲ. ತವರಿಗೆ ಹೋಗಬೇಕಾದರೆ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿಂದ ಕುಣಿಗಲ್‌ಗೆ ಇನ್ನೊಂದು, ಅಲ್ಲಿಂದ ಕೊತ್ತಗೆರೆಗೆ ಮತ್ತೊಂದು. ಮಂಡಿ ನೋವು ಬೇರೆ. ಕಾರ್ ಸ್ಟ್ಯಾಂಡಿನ ಪಕ್ಕದಲ್ಲೇ, ಗಂಡನ ಕಾರಿನ ಎದುರಿಗೇ ನಿಂತು ಬಸ್ಸಿಗೆ ಕಾಯುತ್ತಿದ್ದಳು. ರಾಮಾಂಜಿನಯ್ಯ ಆ ಹೊತ್ತಿಗೆ ಬಾನೆಟ್ಟಿನೊಳಗೆ ತಲೆ ತೂರಿಸಿಬಿಡುತ್ತಿದ್ದ. ತನ್ನ ಮನೆಯವಳೇ ನಂಬದ ಗಾಡಿಗೆ ಊರವರನ್ನು ಹತ್ತಿಸಿಕೊಳ್ಳುವುದು ಎಂಥ ಬಾಳು? ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಭಯವಿತ್ತು. ತೆಂಗಿನಕಾಯಿ ಉರುಳಿದ್ದು ಅವನಿಗೂ ಕಣ್ಣಿಗೆ ಕಟ್ಟಿತ್ತು.

ಅಲ್ಲಿಂದ ಶುರುವಾಯಿತು ಅವನ ಒದ್ದಾಟ. ತುಮಕೂರಿನ ಗ್ಯಾರೇಜಿನ ಶಿವಮೂರ್ತಿಯ ಹತ್ತಿರ ಕಾರು ಕೊಂಡೊಯ್ದು ಜಾಕ್ ಎತ್ತಿಸಿದ. ಶಿವಮೂರ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, "ಎಡಗಡೆ ಚಕ್ರ ಹಿಡ್ಕೊಂಡಿರೋ ರಬ್ಬರ್ ಬುಶ್ ಎಲ್ಲಾ ಹೊಡೆಸ್ಕೊಂಡು ಹೋಗವೆ ಅಣ್ಣ, ರಾಡೂ ಸ್ವಲ್ಪ ಬೆಂಡಾಗದೆ. ಅದಕ್ಕೇ ಚಕ್ರ ಮೇಲ್ಗಡೆ ಒಳಕ್ಕೆ ವಾಲಿ ಒಳಗಡೆ ತಿಂತಾ ಅದೆ" ಅಂದ. ಹೊಸ ಬುಶ್ಶು, ಹೊಸ ರಾಡು, ಅಲೈನ್‌ಮೆಂಟು, ಹೊಸ ಟೈರು, ಎಲ್ಲಾ ಆಯಿತು. ಕೆಲವು ತಿಂಗಳು ಕಳೆಯುವುದರೊಳಗೆ ಮತ್ತೆ ಒಳಗಡೆ ನುಣ್ಣಗಾಗತೊಡಗಿತು. ಮತ್ತೆ ತುಮಕೂರು. "ಹೊಸಾ ಬುಶ್ಶು ಹಿಂಗೆ ಹೋಗಬಾರ್ದಲ್ಲ, ಗುಂಡಿಗೆ ಜೋರಾಗಿ ಬಿಡ್ತೀಯಾ?" ಎಂದು ಶಿವಮೂರ್ತಿ ಕೇಳಿದರೆ ರಾಮಾಂಜಿನಯ್ಯನಿಗೆ ಸಿಟ್ಟು ಬಂತು. ಗುಬ್ಬಿಯಿಂದ ತುಮಕೂರಿನವರೆಗೆ ಯಾವ ಗುಂಡಿ ಎಲ್ಲಿದೆ ಎಂದು ಕಣ್ಣು ಕಟ್ಟಿದರೂ ಹೇಳುವವನು ಅವನು.

ಆದರೂ ತನ್ನನ್ನೇ ಅನುಮಾನಿಸಿದ. ಎದುರಿಗೆ ಬಸ್ಸು ಬಂದಾಗ ಟಾರಿನಿಂದ ಎಡಕ್ಕೆ ಇಳಿಯುವುದನ್ನು ಬಿಟ್ಟ. ಬಸ್ಸಿನವರು ಬೈದರು. ಮುಂದಿನ ಸೀಟಿನಲ್ಲಿ ದಪ್ಪ ಆಳುಗಳನ್ನು ಕೂರಿಸುವುದನ್ನು ಬಿಟ್ಟ. ದಪ್ಪ ಆಳುಗಳು ಬೈದರು. ಸಂತೆ ದಿನ ತೆಂಗಿನಕಾಯಿ ಮೂಟೆ ಹಾಕಿಕೊಳ್ಳುವುದನ್ನೂ ನಿಲ್ಲಿಸಿದ. ಚಕ್ರಗಳನ್ನು ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಾಯಿಸಿದ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಗಾಳಿ ನೋಡಿದ. ಕೊನೆಗೆ ಯಾರೋ ಹೇಳಿದರೆಂದು ಮುಂದಿನ ಬಂಪರಿಗೆ ಒಂದು ಹಳೇ ಚಪ್ಪಲಿಯನ್ನೂ ಕಟ್ಟಿದ. ದೃಷ್ಟಿ ಹೋಯಿತೋ ಇಲ್ಲವೋ, ಟೈರು ಮಾತ್ರ ಹೋಗುತ್ತಲೇ ಇತ್ತು.

ಓಡಿಸುವಾಗ ಅವನ ಕಿವಿ ಎಂಜಿನ್ನಿನ ಮೇಲಿರುತ್ತಿರಲಿಲ್ಲ, ಎಡಚಕ್ರದ ಮೇಲಿರುತ್ತಿತ್ತು. ಹೊಸದಾಗಿ ಒಂದು ಕಿರ್ ಎಂದರೂ ನಿಲ್ಲಿಸಿ ಇಳಿಯುತ್ತಿದ್ದ. "ಏನಪ್ಪ, ಮದುವೆ ಮುಹೂರ್ತ ಮೀರೋಯ್ತದೆ" ಎಂದು ಪ್ಯಾಸೆಂಜರುಗಳು ಕೂಗಿದರೂ ಒಂದು ಸಲ ಸವರಿಯೇ ಹತ್ತುತ್ತಿದ್ದ. ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಹೋಗಿ ನೋಡಿ ಬರುತ್ತಿದ್ದ. ಕದರಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಸುಮ್ಮನೆ ಕಾಯುತ್ತಿದ್ದಳು.

ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಗುಂಡು ಕಟ್ಟಿ ಬಿಡುತ್ತಾರಲ್ಲ, ಅದನ್ನು ಕಂಡು ಅವನಿಗೊಂದು ಉಪಾಯ ಹೊಳೆಯಿತು. ಒಂದು ಹುರಿಗೆ ದೊಡ್ಡ ನಟ್ಟು ಕಟ್ಟಿ, ಪೆಟ್ರೋಲ್ ಬಂಕಿನ ಸಮನಾದ ಸಿಮೆಂಟು ನೆಲದ ಮೇಲೆ ಕಾರು ನಿಲ್ಲಿಸಿ, ಮಡ್‌ಗಾರ್ಡಿನಿಂದ ಎಡಚಕ್ರದ ಹೊರಮೈಯ ಎದುರಿಗೆ ಇಳಿಬಿಟ್ಟ. ಹುರಿಗೂ ಚಕ್ರದ ರಿಮ್ಮಿನ ಮೇಲಂಚಿಗೂ ಎಷ್ಟು ಸಂದು, ಕೆಳಂಚಿಗೂ ಎಷ್ಟು ಸಂದು ಎಂದು ಬೆರಳಲ್ಲಿ ಅಳೆದ. ಮೇಲಿನ ಸಂದು ಹೆಚ್ಚಾಗುತ್ತ ಬಂದರೆ ಚಕ್ರ ಒಳಕ್ಕೆ ವಾಲುತ್ತಿದೆ ಎಂದರ್ಥ. ಟೈರು ಸವೆಯುವವರೆಗೆ ಕಾಯಬೇಕಾಗಿಲ್ಲ, ರೋಗ ಹತ್ತುವಾಗಲೇ ತಿಳಿಯುತ್ತದೆ. ಆದರೆ ತಿಳಿದದ್ದು ಅಷ್ಟೇ, ಯಾಕೆ ಹತ್ತುತ್ತದೆ ಎಂಬುದನ್ನು ಹುರಿ ಹೇಳಲಿಲ್ಲ.

ಎರಡು ಸಾವಿರದ ಒಂದರಲ್ಲಿ ಕೊತ್ತಗೆರೆಯಲ್ಲಿ ಕದರಮ್ಮನ ತಾಯಿ ಓಬಳಮ್ಮ ಹಿತ್ತಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಕದರಮ್ಮ ನೋಡಿಕೊಳ್ಳಲು ಹೋದಳು, ಬಸ್ಸಿನಲ್ಲೇ. ಹೋಗುವ ಮುಂಚಿನ ವಾರವಷ್ಟೇ ಶಿವಮೂರ್ತಿ ಮತ್ತೊಮ್ಮೆ ಬುಶ್ ಹಾಕಿ ಚಕ್ರ ನೆಟ್ಟಗೆ ಮಾಡಿ ಕೊಟ್ಟಿದ್ದ. ರಾಮಾಂಜಿನಯ್ಯ ಒಂಟಿಯಾದ. ಮನೆ ಮುಂದೆ ನೀರಿಲ್ಲ, ರಂಗೋಲಿಯಿಲ್ಲ. ಬೆಳಿಗ್ಗೆ ಕಾರು ತೆಗೆದರೆ ಹೊರಟ, ಸಂಜೆ ಬಂದು ನುಗ್ಗಿಸಿ ನಿಲ್ಲಿಸಿದ, ಹೋಟೆಲಿನಿಂದ ತಂದದ್ದನ್ನು ತಿಂದು ಮಲಗಿದ. ಎರಡು ತಿಂಗಳು ಹೀಗೇ ಹೋಯಿತು. ವಿಚಿತ್ರವೆಂದರೆ ಹುರಿ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಟೈರು ಅಂಚಿನಿಂದ ಅಂಚಿಗೆ ಸಮನಾಗಿತ್ತು.

ರಾಮಾಂಜಿನಯ್ಯನಿಗೆ ಹಿಡಿಸಲಾರದಷ್ಟು ಸಂತೋಷ. ಹೆಂಡತಿಯನ್ನು ಕರೆತರಲು ತಾನೇ ಕೊತ್ತಗೆರೆಗೆ ಕಾರು ತೆಗೆದುಕೊಂಡು ಹೋದ. ಅತ್ತೆಯನ್ನು ಮಾತಾಡಿಸುವುದಕ್ಕೂ ಮೊದಲೇ ಹೆಂಡತಿಯ ಕೈ ಹಿಡಿದು ಚಕ್ರದ ಹತ್ತಿರ ಕೂರಿಸಿ, "ಮುಟ್ಟು, ಒಳಗಡೆ ಮುಟ್ಟು" ಅಂದ. ಕದರಮ್ಮ ಕೈ ತೂರಿಸಿ ಮುಟ್ಟಿದಳು. ಅವಳ ಮುಖದಲ್ಲಿ ಒಂದು ಸಣ್ಣ ಗೆಲುವು ಬಂದದ್ದನ್ನು ಅವನು ಕಂಡ.

"ಈಗ ಸರಿ ಅದೆ. ಗುಬ್ಬೀಗೆ ಹೋದ್ಮೇಲೂ ಹಿಂಗೇ ಇದ್ರೆ ಕೂರ್ತೀನಿ" ಅಂದಳು. ಚೀಲ ತೆಗೆದುಕೊಂಡು ಬಸ್ಸಿಗೆ ಹೊರಟಳು. ಇವನು ಖಾಲಿ ಕಾರನ್ನು ಆ ಬಸ್ಸಿನ ಹಿಂದೆಯೇ ಓಡಿಸಿಕೊಂಡು ಬಂದ.

ಅವಳು ಬಂದಳು. ಮಾರನೇ ದಿನದಿಂದ ಬಾಗಿಲ ಮುಂದೆ ರಂಗೋಲಿ ಬಂತು. ಎರಡು ತಿಂಗಳ ಬಾಕಿ ತೀರಿಸುವವಳಂತೆ ದೊಡ್ಡ ದೊಡ್ಡದಾಗಿ ಬಿಟ್ಟಳು. ಎರಡು ವಾರ ಕಳೆದು ರಾಮಾಂಜಿನಯ್ಯ ಹುರಿ ಇಳಿಬಿಟ್ಟರೆ ಮೇಲಿನ ಸಂದು ಹೆಚ್ಚಾಗಿತ್ತು. ಸ್ಟ್ಯಾಂಡಿಗೆ ಬಂದು ಹೇಳಿದರೆ ಚಿಕ್ಕಬೋರಯ್ಯ ಬೆಂಚಿನಿಂದ ಬೀಳುವಷ್ಟು ನಕ್ಕ.

"ಅಲ್ಲಲೇ, ಹೆಂಡ್ತಿ ಊರಲ್ಲಿಲ್ದಾಗ ಸರಿಯಾಗಿದ್ದ, ಹೆಂಡ್ತಿ ಬಂದ್ಮೇಲೆ ಒಳಗೊಳಗೇ ತಿನ್ನಕ್ಕೆ ಶುರು ಮಾಡ್ದ. ಇದು ಕಾರಿನ ರೋಗ ಅಲ್ಲ ಕಣೋ, ಗಂಡಸ್ರ ರೋಗ!"

ಸ್ಟ್ಯಾಂಡಿಗೆಲ್ಲ ಒಂದು ವಾರ ಅದೇ ಮಾತು. ರಾಮಾಂಜಿನಯ್ಯ ನಗಲಿಲ್ಲ. ಅವನ ಬುದ್ಧಿ ಎಲ್ಲೆಲ್ಲಿಗೋ ಓಡಿತು. ಇವಳ ಕಾಲ್ಗುಣವೇ? ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಗಿ, ಅವತ್ತು ಮನೆಗೆ ಹೋಗುವಾಗ ಒಂದು ಮೊಳ ಮಲ್ಲಿಗೆ ಕೊಂಡ. ಹೂವು ಯಾಕೆಂದು ಅವಳು ಕೇಳಲಿಲ್ಲ. "ಟೈರು?" ಎಂದು ಕೇಳಿದಳು. ಅವನು ತಲೆ ಅಡ್ಡ ಆಡಿಸಿದ. ಅವಳು ಹೂವು ಮುಡಿದು ಒಳಗೆ ಹೋದಳು.

ಕೆಲವು ದಿನದ ಮೇಲೆ ಚಿಕ್ಕಬೋರಯ್ಯನ ಕಾರು ಕೆಟ್ಟು ಶಿವಮೂರ್ತಿಯ ಗ್ಯಾರೇಜು ಸೇರಿತ್ತು. ತುಮಕೂರಿಗೆ ಹೋಗಿ ಅದನ್ನು ತರಬೇಕಾಗಿತ್ತು. ಬೆಳಿಗ್ಗೆ ರಾಮಾಂಜಿನಯ್ಯನ ಮನೆಗೇ ಬಂದು, ಕದರಮ್ಮ ಕೊಟ್ಟ ಕಾಫಿ ಕುಡಿದು, ಮುಂದಿನ ಸೀಟಿನಲ್ಲಿ ಕೂತ. ಇಷ್ಟು ವರ್ಷದ ಸ್ನೇಹದಲ್ಲಿ ಅವನು ಆ ಮನೆಯ ಬಾಗಿಲಿನಿಂದ ಆ ಕಾರು ಹತ್ತಿದ್ದು ಅದೇ ಮೊದಲು. ರಾಮಾಂಜಿನಯ್ಯ ಗೇರು ಹಾಕಿ, ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ, ರಂಗೋಲಿಯನ್ನು ಬಲಕ್ಕೆ ಬಿಟ್ಟು ಮುಂದೆ ಬಂದ. ಕಾರು ಎಡಗಡೆ ಎದ್ದು ದಢ್ ಎಂದು ಕೂತಿತು.

"ಏನ್ಲಾ ಅದು?" ಚಿಕ್ಕಬೋರಯ್ಯ ಡ್ಯಾಶ್‌ಬೋರ್ಡು ಹಿಡಿದುಕೊಂಡ.

"ಯಾವ್ದು?"

"ಅದೇ, ದಢ್ ಅಂತಲ್ಲಪ್ಪ."

"ಓ ಅದಾ. ಅದು ಮನೇದು ಬುಡಣ್ಣ. ಚಪ್ಪಡಿ."

ಎರಡು ಮನೆ ದಾಟಿದ್ದರು. ರಾಮಾಂಜಿನಯ್ಯನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ಬೀದಿಯ ನಡುವೆ ನಿಂತಿತು. ಕಿರ್ ಎಂದರೂ ಇಳಿದು ನೋಡುವ ಕಿವಿ, ಬೆಳಿಗ್ಗೆ ಹೋಗುವಾಗ ಒಮ್ಮೆ, ಸಂಜೆ ರಂಗೋಲಿ ಅಳಿಸಿದ್ದರೂ ಅದೇ ಅಭ್ಯಾಸದಲ್ಲಿ ಹಿಮ್ಮುಖವಾಗಿ ಬರುವಾಗ ಒಮ್ಮೆ, ಇಷ್ಟು ವರ್ಷ ಆ ಸದ್ದನ್ನು ಕೇಳಿಯೇ ಇರಲಿಲ್ಲ. ಅದು ಮನೆಯದಾಗಿತ್ತು, ದಾರಿಯದಲ್ಲ. ಬಾಗಿಲಿನ ಕಿರುಗುಟ್ಟುವಿಕೆಯನ್ನು ಯಾರು ತಾನೇ ಕೇಳುತ್ತಾರೆ? ಚಕ್ರ ತಿರುಗಿಸಿಕೊಂಡೇ, ಓರೆಯಾಗಿ, ಎಡಗಡೆಯದನ್ನೊಂದನ್ನೇ ಆ ಕಲ್ಲಿನ ಅಂಚಿಗೆ ಗುದ್ದಿಸಿ ಹತ್ತಿಸಿ ಇಳಿಸುತ್ತಿದ್ದ. ಹಳೇ ಕಾರಿನ ಬುಶ್ಶು, ರಾಡು ಎಷ್ಟೆಂದು ತಡೆದಾವು? ಕದರಮ್ಮ ಊರಲ್ಲಿಲ್ಲದಾಗ ರಂಗೋಲಿಯಿರಲಿಲ್ಲ, ಸೀದಾ ಬಂದ, ಸೀದಾ ಹೋದ, ಕಾರು ಆರೋಗ್ಯವಾಗಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ಅವನ ಕಥೆ.

"ಯಾಕ್ಲಾ ನಿಂತೆ?"

"ಏನಿಲ್ಲ ಕಣಣ್ಣ" ಅಂದ ರಾಮಾಂಜಿನಯ್ಯ. ಸಿಕ್ಕಿತು ಎಂದು ಕುಣಿಯಬೇಕಾದವನು ಕನ್ನಡಿಯಲ್ಲಿ ಒಮ್ಮೆ ರಂಗೋಲಿಯನ್ನು ನೋಡಿ ಮತ್ತೆ ಗೇರು ಹಾಕಿದ.

ತುಮಕೂರಿನಲ್ಲಿ ಶಿವಮೂರ್ತಿ ಎಡಗಡೆಯ ಬುಶ್ ಮತ್ತೆ ಬದಲಾಯಿಸಿ, ಚಕ್ರ ನೆಟ್ಟಗೆ ಮಾಡಿ, ಟೈರನ್ನೂ ಬದಲಿಸಿ ಕೊಟ್ಟ. ಕಾರಣ ತಿಳಿಯಿತೇ ಎಂದು ಕೇಳಿದ್ದಕ್ಕೆ ರಾಮಾಂಜಿನಯ್ಯ "ಒಂದು ಕಲ್ಲು" ಎಂದಷ್ಟೇ ಹೇಳಿದ. ವಾಪಸ್ಸು ಬರುವ ದಾರಿಯುದ್ದಕ್ಕೂ ಅವನೊಳಗೆ ಒಂದೇ ಪೇಚಾಟ. ಹೇಳಿದರೆ ಅವಳು ಏನೆಂದುಕೊಂಡಾಳು? ಇಬ್ಬರೂ ಕೆರೆ ಪಾಲಾಗುತ್ತಿದ್ದದ್ದು ತನ್ನ ರಂಗೋಲಿಯಿಂದ ಎಂದುಕೊಂಡಾಳು. ನಾಳೆಯಿಂದ ಬಾಗಿಲ ಮುಂದೆ ಕೂರುವುದನ್ನೇ ಬಿಟ್ಟಾಳು. ಆ ಮನೆಯಲ್ಲಿ ದಿನಾ ಹೊಸದಾಗಿ ಹುಟ್ಟುವುದು ಅಂತ ಇದ್ದದ್ದು ಅದೊಂದೇ. ಬೇಡ, ಹೇಳುವುದೇ ಬೇಡ. ಕಾರನ್ನು ಬೀದಿಯ ಕೊನೆಯ ಹುಣಸೇಮರದ ಕೆಳಗೆ ನಿಲ್ಲಿಸಿದರೆ ಮುಗಿಯಿತಲ್ಲ.

ಹಾಗೇ ನಿಲ್ಲಿಸಿ ನಡೆದುಕೊಂಡು ಮನೆಗೆ ಬಂದ. ಮೂರನೇ ಸಂಜೆ, ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಕದರಮ್ಮ ತಲೆಯೆತ್ತದೆ ಕೇಳಿದಳು.

"ನಾನು ಹತ್ತಲ್ಲ ಅಂದಿದ್ಕೆ ಅದನ್ನ ಮನೆ ಹತ್ರಾನೂ ತರ್ಬಾರ್ದು ಅಂತ ಮಾಡಿದೀರಾ?"

"ಅಯ್ಯೋ, ಹಂಗಲ್ಲ ಕಣೇ."

"ಮತ್ತೆ ಹೆಂಗೆ?"

ರಾಮಾಂಜಿನಯ್ಯ ಎದ್ದ, ಬಾಗಿಲವರೆಗೆ ಹೋದ, ವಾಪಸ್ಸು ಬಂದ, ಮತ್ತೆ ಹೋದ. ಕದರಮ್ಮ ಸುಲಿಯುವುದನ್ನು ನಿಲ್ಲಿಸಿ ಅವನು ನಡೆಯುವುದನ್ನೇ ನೋಡುತ್ತಿದ್ದಳು. ಕೊನೆಗೆ ಹೊಸಿಲ ಮೇಲೆ ನಿಂತು, ಹೊರಗಿನ ಚಪ್ಪಡಿಗೆ ಕೈ ತೋರಿಸಿ, ಎಲ್ಲವನ್ನೂ ಹೇಳಿದ. ಮೊದಲ ದಿನ ತುಳಿದದ್ದು, ಆಮೇಲೆ ತುಳಿಯದ್ದು, ದಢ್ ಎಂದದ್ದು, ಎಲ್ಲ.

ಕದರಮ್ಮ ಮೊರದ ಅಂಚು ಹಿಡಿದು ಚಪ್ಪಡಿಯತ್ತ ನೋಡಿದಳು.

"ಅವತ್ತು ಏರಿ ಮೇಲೆ ಆಗಿದ್ದೂ ಇದ್ರಿಂದ್ಲೇನಾ?"

"ಇರ್ಬೌದು."

"ತುಳೀಬೇಡಿ ಅಂತ ನಾನು ಯಾವತ್ತು ಹೇಳಿದ್ದೆ?"

"ಹೇಳ್ಲಿಲ್ಲ. ನೀನು ಏನೂ ಹೇಳ್ಲಿಲ್ವಲ್ಲ, ಅದಕ್ಕೇ."

"ಮೊದಲ್ನೇ ದಿನ ಹೆಂಗೋ ನುಗ್ಗಿಸಿದ್ರಿ, ಆದ್ರೂ ಗಾಡಿಗೆ ಅದೇ ದಾರಿ ಅಂತ ನಾನಂದ್ಕೊಂಡಿದ್ದೆ. ಚಪ್ಪಡಿ ಹತ್ತಿಸ್ದೆ ಬರಕ್ಕಾಗಲ್ಲ ಅಂತ." ಅವಳ ದನಿ ಏರಿತು. ಮದುವೆಯಾದಂದಿನಿಂದ ಅವನು ಆ ದನಿ ಕೇಳಿರಲಿಲ್ಲ. "ರಂಗೋಲಿ ಹಾಕೋದೇ ತುಳಿಯೋಕೆ. ಹಾಲಿನೋನು ತುಳೀತಾನೆ, ದನ ತುಳೀತದೆ, ಮಧ್ಯಾಹ್ನಕ್ಕೆ ಗಾಳೀಗೇ ಹೋಯ್ತದೆ. ನಾಳೆ ಇನ್ನೊಂದು ಹಾಕ್ತೀನಿ. ನಿಮ್ಮನ್ನ ಎಲ್ಲಿಂದ ತರ್ಲಿ ನಾನು?"

ಅವಳು ಎದ್ದ ರಭಸಕ್ಕೆ ಸುಲಿದ ಕಾಳೆಲ್ಲ ಮೊರದಿಂದ ಚೆಲ್ಲಿ ಉರುಳಿದವು. ಇಬ್ಬರೂ ಬಗ್ಗಿ ಹೆಕ್ಕಿದರು. ಹೆಕ್ಕುವಾಗ ಅವಳು ಅಳುತ್ತಿದ್ದುದು ಅವನಿಗೆ ಕಂಡಿತು. ಏನು ಮಾಡಬೇಕೆಂದು ತಿಳಿಯದೆ ತಾನು ಹೆಕ್ಕಿದ ಕಾಳನ್ನು ಅವಳ ಕೈಗೆ ಹಾಕಿದ. ಊಟವಾದ ಮೇಲೆ ಕದರಮ್ಮ, "ಕಾರು ತಂದು ಅದರ ಜಾಗದಲ್ಲಿ ನಿಲ್ಲಿಸಿ. ಚಪ್ಪಡಿ ಹತ್ತಿಸ್ಬೇಡಿ" ಅಂದಳು. ಸಂಜೆಯ ಹೊತ್ತಿಗೆ ಬೆಳಗಿನ ರಂಗೋಲಿ ಅಳಿಸಿಹೋಗಿತ್ತು. ಅವನು ಸೀದಾ ತಂದು ನಿಲ್ಲಿಸಿದ.

ಬೆಳಿಗ್ಗೆ ರಾಮಾಂಜಿನಯ್ಯ ಎದ್ದು ಹೊರಗೆ ಬಂದರೆ ಬೀದಿಯ ಹೆಂಗಸರು ಗುಂಪಾಗಿ ನಿಂತಿದ್ದರು. ಕದರಮ್ಮ ಅಂಥ ರಂಗೋಲಿಯನ್ನು ಹಬ್ಬದಲ್ಲೂ ಹಾಕಿದವಳಲ್ಲ. ಹೊಸಿಲಿನಿಂದ ಶುರುವಾಗಿ ಬೀದಿಯ ಅಗಲಕ್ಕೂ ಹರಡಿತ್ತು. ಅಷ್ಟಕ್ಕೇ ಬಿಟ್ಟಿರಲಿಲ್ಲ, ಎದುರಿನ ಚಪ್ಪಡಿಯ ಮೇಲೂ ಹತ್ತಿಸಿ, ಅದರ ಆಚೆ ಅಂಚಿನವರೆಗೆ ಬಳ್ಳಿ ಎಳೆದಿದ್ದಳು. ತಪ್ಪಿಸಿಕೊಂಡು ಹೋಗಲು ಒಂದು ಗೇಣು ನೆಲ ಉಳಿಸಿರಲಿಲ್ಲ. ಕಾರಿನಲ್ಲಿ ಹೋಗಬೇಕಾದವನು ಅದರ ಮೇಲೇ ಹೋಗಬೇಕು.

ಅವಳು ಎಲ್ಲಿ ಎಂದು ನೋಡಿದ. ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಸಿರು ಸೀರೆ, ಮಡಿಲಲ್ಲಿ ಚೀಲ, ಅಮ್ಮನಿಗೆ ಕಟ್ಟಿಕೊಂಡ ಅವರೆಕಾಳು.

"ನಡೀರಿ, ಕೊತ್ತಗೆರೆಗೆ."

"ಇದರ ಮೇಲಾ?"

"ಮತ್ತೆ? ಹಾರಿಸ್ಕೊಂಡು ಹೋಗ್ತೀರಾ?"

ಹೆಂಗಸರು ನಕ್ಕರು. ರಾಮಾಂಜಿನಯ್ಯ ಹತ್ತಿ ಸ್ಟಾರ್ಟ್ ಮಾಡಿದ. ಕೈ ಅಭ್ಯಾಸ ಬಲದಿಂದ ಎಡಕ್ಕೆ ತಿರುಗಿಸಲು ಹೋಯಿತು. ಕದರಮ್ಮ ಸ್ಟೇರಿಂಗಿನ ಮೇಲೆ ಒಂದು ಕೈಯಿಟ್ಟು ನೇರ ಮಾಡಿದಳು. ಕಾರು ಸದ್ದಿಲ್ಲದೆ ರಂಗೋಲಿಯ ಮೇಲೆ ಹರಿದು ಬೀದಿಗೆ ಬಂತು. ಆ ದಢ್ ಇಲ್ಲದ್ದರಿಂದ ಏನೋ ಮರೆತು ಬಂದಂತಾಗಿ ಅವನಿಗೆ ಮೈಯೆಲ್ಲ ಚಡಪಡಿಸಿತು. ಹುಣಸೇಮರ ದಾಟುವುದರೊಳಗೆ ತಡೆಯಲಾರದೆ ನಿಲ್ಲಿಸಿ ಇಳಿದ.

ಎಡಗಡೆ ಮುಂಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ, ಆದರೆ ಕೈ ತೂರಿಸಬೇಕಾಗಲಿಲ್ಲ. ಟೈರಿಗೆ ಬಿಳಿ ರಂಗೋಲಿ ಪುಡಿ ಹತ್ತಿತ್ತು. ಹೊರಗಿನ ಅಂಚಿನಿಂದ ಒಳಗಿನ ಅಂಚಿನವರೆಗೆ, ನಡುವೆ ಎಲ್ಲೂ ಬಿಡದೆ, ಒಂದೇ ಸಮನಾಗಿ ಹತ್ತಿತ್ತು. ಚಕ್ರ ನೆಲವನ್ನು ಪೂರ್ತಿಯಾಗಿ ಮುಟ್ಟುತ್ತಿತ್ತು.

ಕದರಮ್ಮನೂ ಇಳಿದು ಬಂದು ಪಕ್ಕದಲ್ಲಿ ಬಗ್ಗಿದಳು. ಒಳಗಡೆ ಬೆರಳು ಎಳೆದು, ಬೆರಳ ತುದಿಯ ಬಿಳಿಯನ್ನು ಅವನಿಗೆ ತೋರಿಸಿದಳು.

"ಸರಿ ಅದಾ?"

"ಸರಿ ಅದೆ" ಅಂದ ರಾಮಾಂಜಿನಯ್ಯ.

"ಹಂಗಾದ್ರೆ ಹತ್ತಿ. ಬಿಸಿಲೇರೋಕೆ ಮುಂಚೆ ಏರಿ ದಾಟಣ" ಅಂದಳು. ಬೆರಳಿನ ಪುಡಿಯನ್ನು ಅವನ ಅಂಗಿಗೇ ಒರೆಸಿ, ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು.